ಅಮಾನತು

ಬೀಗದ ಕೈ ಗೊಂಚಲು ಮೇಜಿನ ಮೇಲಿಟ್ಟು
ದೇವೀರಮ್ಮ ಕೇಳಿದ್ದು ಒಂದೇ:
"ಇದಕ್ಕೊಂದು ರಸೀತಿ ಕೊಡಿ."

ಹದಿನೇಳು ವರ್ಷ ಆ ಕಿಂಡಿಯೊಳಗಿಂದ
ಮಂಡ್ಯಕ್ಕೆಲ್ಲ ರಸೀತಿ ಹರಿದು ಕೊಟ್ಟವಳು.
ನೀರುಗಂಟಿ ಗಂಡ ವಾಲ್ವಿನ ಗುಂಡಿಯಲ್ಲಿ ಸತ್ತ ಮೇಲೆ
ಅನುಕಂಪದ ಮೇಲೆ ಸಿಕ್ಕ ನೌಕರಿ.
ಸರ್ಕಾರದ ಅನುಕಂಪ, ಒಬ್ಬರಿಗೆ ಒಂದೇ ಸಲ.

ಕಿಟಕಿಯಾಚೆಯಿಂದ ಕಾಕಂಬಿಯ ಹುಳಿವಾಸನೆ ಬರುತ್ತಿತ್ತು.
ಪೌರಾಯುಕ್ತರು ಫೋನಿನಲ್ಲಿದ್ದರು.
ನಾನು ಪಕ್ಕದ ಮೇಜು, ಲೆಕ್ಕ ಶಾಖೆ,
ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ.

ಆದದ್ದಿಷ್ಟು.
ನೀರಿನ ಖಾತೆಯಿಂದ ನಲವತ್ತೊಂದು ಲಕ್ಷ
ನೀರಿನ ಹಾಗೇ ಹರಿದಿತ್ತು, ತಗ್ಗು ಇದ್ದ ಕಡೆಗೆ.
ಹೂಳದ ಪೈಪಿಗೆ ಒಂದಷ್ಟು,
ಸೂರತ್ತಿನ ಕಸ ನೋಡಲು ಹೋದ
ಅಧ್ಯಯನ ಪ್ರವಾಸಕ್ಕೆ ಒಂದಷ್ಟು
(ಕಸ ಕಂಡಿತೋ ಇಲ್ಲವೋ, ಸೀರೆಗಳು ಬಂದವು),
ಉಳಿದದ್ದು ನಡಾವಳಿ ಪುಸ್ತಕದಲ್ಲಿ
'ಇತರೆ' ಎಂಬ ಮೂರಕ್ಷರದೊಳಗೆ
ಕಾಲು ಚಾಚಿ ಮಲಗಿತ್ತು.
ಎಲ್ಲ ಕೈ ಎದ್ದಿದ್ದವು ಅವತ್ತು,
ಆಡಳಿತದ್ದು, ವಿರೋಧದ್ದು,
ಬಲಗೈ ಮೇಲೆ, ಎಡಗೈಯಲ್ಲಿ ಮದ್ದೂರು ವಡೆ.
ಕಡತ ನನ್ನ ಮೇಜನ್ನೂ ಹಾದಿತ್ತು.
ಅಂಚಿನಲ್ಲಿ ನನ್ನದೊಂದು ಕಿರುಸಹಿ,
ನೊಣ ಕೂತಷ್ಟು.

ಆಡಿಟ್‌ನವರು ಬಂದರು. ತಪ್ಪು ಸಿಗಲೇಬೇಕಿತ್ತು.
ಮೇಲೆ ಹುಡುಕಿದರೆ ಕುತ್ತಿಗೆ ನೋಯುತ್ತದೆ,
ಕೆಳಗೆ ಹುಡುಕಿದರು.
ಅವಳ ಡ್ರಾಯರಿನಲ್ಲಿ
ಹಾಲಿನ ಲೆಕ್ಕದಂಥ ಸಣ್ಣ ಪುಸ್ತಕ:
ಬೀಡಿ ಕಾಲೋನಿ ಸಣ್ಣಮ್ಮಣ್ಣಿ, ನಲವತ್ತು ಕಮ್ಮಿ.
ಗುತ್ತಲು ಕರಿಸಿದ್ದು, ಸೋಮವಾರ ಕೊಡ್ತಾನೆ.
ಟೈಲರ್ ಮುನೀರ್, ಮಗಳ ಹೆರಿಗೆ, ಕೇಳಬಾರದು.
ಒಟ್ಟು ಮೂರು ಸಾವಿರದ ಎಂಟುನೂರ ನಲವತ್ತು.
ತನ್ನ ಪರ್ಸಿನಿಂದ ತುಂಬಿ
ಸಂಜೆ ಲೆಕ್ಕ ಸರಿ ಮಾಡುತ್ತಿದ್ದಳು.
ಸರಿ ಮಾಡಿದ್ದೇ ಅಪರಾಧ:
ಖಾಸಗಿ ಹಣ ಸರ್ಕಾರಿ ಹಣದ ಜೊತೆ ಬೆರೆತಿತ್ತು.
ಆ ಮೂರು ಸಾವಿರದ ಕೊಕ್ಕೆಗೆ
ನಲವತ್ತೊಂದು ಲಕ್ಷವನ್ನು ತೂಗುಹಾಕಿದರು.

ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು;
ಮಗುವಿಗೂ ಗೊತ್ತಿರುವ ಮಾತು.
ಗೊತ್ತಿಲ್ಲದ್ದು ಮುಂದಿನದು.
ವಿಚಾರಣೆಯಲ್ಲಿ ಮೇಕೆಯನ್ನು ಕೇಳುತ್ತಾರೆ:
ಒರೆಸಿದಾಗ ನಾಲಿಗೆ ಹೊರಗೆ ಬಂತೋ ಇಲ್ಲವೋ?
ಹೌದು, ಇಲ್ಲ, ಅಷ್ಟೇ ಹೇಳು.
ಮೇಕೆಗೆ ಸುಳ್ಳು ಬರುವುದಿಲ್ಲ.

ಪತ್ರಿಕೆಯಲ್ಲಿ ಅವಳ ಫೋಟೊ ಬಂತು,
ಸೇವಾ ಪುಸ್ತಕದಿಂದ ಕಿತ್ತದ್ದು,
ಗಂಡ ಸತ್ತ ತಿಂಗಳಲ್ಲಿ ತೆಗೆಸಿದ್ದು.
"ನೋಡ್ಲಾ, ಕಣ್ಣಲ್ಲೇ ಕಳ್ಳತನ ಅದೆ"
ಅಂದರು ಟೀ ಅಂಗಡಿಯಲ್ಲಿ.
ನಾನೂ ಟೀ ಕುಡಿಯುತ್ತಿದ್ದೆ.

ಪಿಂಚಣಿ ಕಾಗದಕ್ಕೆ ಬಂದ ಹಳೇ ಶಿರಸ್ತೇದಾರ
ಇನಾಯತುಲ್ಲಾ ಸಾಹೇಬರು
ನೋಟಿಸ್ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತರು.
"ಅಮಾನತು," ಅಂದರು.
"ನಮ್ಮ ಮನೆ ಮಾತಲ್ಲಿ, ನಂಬಿ ಇಡೋದಕ್ಕೆ ಆ ಹೆಸರು.
ಹಜ್‌ಗೆ ಹೋಗೋನು ಪಕ್ಕದ ಮನೇಲಿ ಒಡವೆ ಇಟ್ಟು ಹೋಗ್ತಾನಲ್ಲ, ಅದು.
ಇಲ್ಲಿ ಒಬ್ಬಳು ಹೆಂಗಸನ್ನ ಇಟ್ಟಿದೀರಿ.
ವಾಪಸ್ ಕೇಳೋರು ಯಾರು?"
ನಾನು ಕನ್ನಡಕ ಒರೆಸಿಕೊಂಡೆ.
ಅದು ಚೊಕ್ಕಟವಾಗಿಯೇ ಇತ್ತು.

ಈಗ ಆ ಕಿಂಡಿಯಲ್ಲಿ ನಾನು.
ಗಾಜಿಗೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ,
ಕಂಪ್ಯೂಟರಿನಲ್ಲಿ ಹನ್ನೊಂದು ಲೆಕ್ಕಶೀರ್ಷಿಕೆ.
ಇವತ್ತು ಬೆಳಿಗ್ಗೆ ಒಂದು ಮುದುಕಿ
ಸೆರಗಿನ ಗಂಟು ಬಿಚ್ಚಿ
ನಾಲ್ಕು ಹತ್ತರ ನೋಟು ಒಳಗೆ ತೂರಿದಳು.
"ಆ ಅವ್ವಂಗೆ ಕೊಡೋದಿತ್ತು ಕಣಪ್ಪ. ರಸೀತಿ ಕೊಡು."

ನೀರು, ಒಳಚರಂಡಿ, ದಂಡ, ಬಡ್ಡಿ:
ಯಾವುದರೊಳಗೂ ಈ ನಲವತ್ತು ಕೂರುವುದಿಲ್ಲ.
ಕೊನೆಯಲ್ಲಿ 'ಇತರೆ' ಅಂತ ಒಂದಿದೆ.
ಬೆರಳು ಅದರ ಮೇಲೆ ಹೋಗಿ ನಿಂತಿದೆ.

ಸಣ್ಣಮ್ಮಣ್ಣಿ ಚಾಚಿದ ಕೈ ಹಿಂದೆಗೆದಿಲ್ಲ.
ಸಾಲು ಬೆಳೆಯುತ್ತಿದೆ.
"ಬಿರ್ರನೆ ಮಾಡಪ್ಪ," ಅನ್ನುತ್ತಿದ್ದಾಳೆ,
"ನೀರು ಬಿಡೋ ಹೊತ್ತು."