ಒಂದು ಕೊಂಬಿನ ತಪ್ಪು

ಚಿತ್ರದುರ್ಗದ ಸಂತೆಪೇಟೆಯ ಅಚ್ಚುಕೂಟದಲ್ಲಿ
ಹತ್ತೊಂಬತ್ತು ವರ್ಷ ಮೊಳೆ ಜೋಡಿಸಿದವನು ನಾನು.
ಒಮ್ಮೆ ಹಕಾರದ ಖಾನೆಯಲ್ಲಿ
ಕೊಂಬಿನ ಹುಕಾರವೊಂದು ಬಿದ್ದುಕೊಂಡಿತ್ತು.
ಐನೂರು ಕರಪತ್ರ:
'ನಮ್ಮಲ್ಲಿ ತಾಜಾ ಹುಣ್ಣುಗಳು ದೊರೆಯುತ್ತವೆ.'
ಅಂಗಡಿಯ ದಾದಾಪೀರ್ ನಗಲಿಲ್ಲ, ಬೈಯಲೂ ಇಲ್ಲ,
ಕಟ್ಟನ್ನು ಮೇಜಿನ ಮೇಲಿಟ್ಟು ನನ್ನ ಬೆರಳು ನೋಡಿದ.
ಆ ತಿಂಗಳ ಸಂಬಳದಲ್ಲಿ ಕಾಗದದ ದುಡ್ಡು ಹೋಯಿತು.

ಈಗ ಹಿರಿಯೂರಿನಾಚೆ, ಬೀಜದ ತೋಟದಲ್ಲಿ
ಟೊಮೆಟೊ ಗಿಡಗಳಿಗೆ ಚೀಟಿ ಬರೆಯುವ ಕೆಲಸ.
ಸೇರುವಾಗ ಶಾಕಿರಾ ಮೇಡಂ ಕೇಳಿದ್ದು ಒಂದೇ,
ಅಕ್ಷರ ದುಂಡಗಿದೆಯಾ?

ಗಾಜಿನ ಪೆಟ್ಟಿಗೆಯೊಳಗೆ ಕೈಗವಸು ತೊಟ್ಟು
ಬೀಜವನ್ನು ಮದ್ದಿನ ನೀರಲ್ಲಿ ಒಂದು ರಾತ್ರಿ ನೆನೆಹಾಕುತ್ತಾರೆ.
ಬೆಳಗ್ಗೆ ತೊಳೆದು ತೊಳೆದು ತೊಳೆದು ಬಿತ್ತುತ್ತಾರೆ.
ಅರ್ಧ ಏಳುವುದೇ ಇಲ್ಲ.
ಎದ್ದವುಗಳ ಮಕ್ಕಳಲ್ಲಿ ಶುರುವಾಗುತ್ತದೆ ನೋಡಿ:
ಒಂದರ ಎಲೆ ಸುಣ್ಣ ಬಳಿದ ಹಾಗೆ,
ಒಂದು ಗೇಣುದ್ದಕ್ಕೆ ನಿಂತು ಇನ್ನು ಬೆಳೆಯೊಲ್ಲೆ ಅಂತು,
ಇನ್ನೊಂದಕ್ಕೆ ಹೂವಿನ ಮೇಲೆ ಹೂವು, ಕಾಯೇ ಇಲ್ಲ.
ಮೂರು ಸಾವಿರದ ಇನ್ನೂರು ಗಿಡ,
ಎಲ್ಲವೂ ಮೊಳೆ ತಪ್ಪಿದ ಪುಟಗಳು.
ಓದಿ ಓದಿ ಕಿತ್ತೆವು,
ಬದುವಿನ ಗುಂಡಿಯಲ್ಲಿ ಸುಟ್ಟೆವು.

ನಲವತ್ತೇಳನೇ ಸಾಲು, ಒಂಬತ್ತನೇ ಗಿಡ.
ಅದರ ಕಾಯಿ ಹಲಗೆಯ ಮೇಲೆ ಕೂತೇ ಕೂತಿತು.
ಪಕ್ಕದವೆಲ್ಲ ಎಂಟನೇ ದಿನಕ್ಕೆ ನೀರು ಬಿಟ್ಟು
ನೊಣ ಕರೆದುಕೊಂಡವು.
ಇದು ಹದಿನೈದು, ಇಪ್ಪತ್ತೆರಡು, ಮೂವತ್ತೆಂಟು;
ಮಾರಿಕಣಿವೆ ಕಡೆಯ ಬಿಸಿಗಾಳಿ ಜಾಲರಿ ಅಲ್ಲಾಡಿಸಿದರೂ
ನಿಂಬೆಯ ಬಣ್ಣಕ್ಕೆ ನಿಂತು, ಗಟ್ಟಿ.

ಮೇಡಂ ಕಂಪ್ಯೂಟರಿನ ಪರದೆ ತೋರಿಸಿದರು.
ಉದ್ದಕ್ಕೂ ನಾಲ್ಕೇ ಅಕ್ಷರ, ಮತ್ತೆ ಮತ್ತೆ ಅವೇ ನಾಲ್ಕು.
ಒಂದು ಕಡೆ ಒಂದು ಬೇರೆ. ಒಂದೇ.
"ಹೊರಗಿನಿಂದ ಏನೂ ತಂದಿಲ್ಲ" ಅಂದರು.
ನನಗೆ ಕೂಡಲೇ ತಿಳಿಯಿತು.
ಯಕಾರದ ಗುಡಿಸು ಹೋಗಿ ಕೊಂಬು ಬಂದಿದೆ.
ಕಾಯಿ ಅಂತ ಇದ್ದದ್ದು
ಕಾಯು ಅಂತ ಆಗಿದೆ.
ಗಿಡ ಪಾಪ, ಬರೆದದ್ದನ್ನು ಪಾಲಿಸುತ್ತಿದೆ.

ಪಾಲಕ್ಕ ಕೊಯ್ದು ಬಾಯಿಗಿಟ್ಟಳು.
ಮೊಗ್ಗು ಬಿಡಿಸಿ ಕೇಸರ ಕೀಳುವ ಚಿಮುಟ ಅವಳದು,
ನಾಲಿಗೆಯೂ ಅಷ್ಟೇ ಚೂಪು.
"ಹುಳಿ ಇಲ್ಲ, ಸಿಹಿ ಇಲ್ಲ. ನೆಂಟರ ಮನೇಲಿ
ಮಾತಾಡದೆ ಕೂತ ಅಳಿಯನ ಹಂಗೈತೆ."

ಅದಕ್ಕೇ ನಾಟಿ ಹಣ್ಣಿನ ಗಿಡದ ಜೊತೆ ಕೂಡಿಸಿದ್ದು.
ತಾಯಿಯ ಪ್ರತಿಯಲ್ಲಿ ಕಾಯು, ತಂದೆಯ ಪ್ರತಿಯಲ್ಲಿ ಕಾಯಿ;
ಎರಡನ್ನೂ ಓದಿಕೊಂಡ ಮಗಳು
ಸ್ವಲ್ಪ ಕಾದಳು, ಆಮೇಲೆ ಕೆಂಪಾದಳು.
ಇಪ್ಪತ್ತೊಂದು ದಿನ. ಕೊಯ್ದರೆ ರಸ.

ಲಾರಿಯ ತಿಪ್ಪೇರುದ್ರನಿಗೆ ಅನುಮಾನ:
"ಮೀನಿಂದೋ ಕಪ್ಪೆದೋ ಏನಾರ ಸೇರ್ಸಿದೀರಾ?"
ಇಲ್ಲಪ್ಪ ಅಂದೆ, ಅಚ್ಚಿನ ತಪ್ಪು.
ಹೆಬ್ಬೆರಳಿಂದ ಒಂದನ್ನು ಒತ್ತಿದ, ಇನ್ನೊಮ್ಮೆ ಒತ್ತಿದ.
"ಕೊಲ್ಹಾಪುರದ ದಾರೀಲಿ ಟೈರು ಸಿಡಿದು ಮೂರು ದಿನ ನಿಂತ್ರೂ?"
"ನಿಂತ್ರೂ."
ಅವನು ಸುಮ್ಮನಾದ. ಯಾವುದೋ ರಸ್ತೆಯ ಮೇಲೆ
ಕ್ರೇಟಿನಿಂದ ಸೋರಿದ ಕೆಂಪು ನೀರನ್ನು ನೋಡುತ್ತಿದ್ದ.

ಒಂದು ದಿನ ದುರ್ಗಕ್ಕೆ ಹೋಗಿ
ದಾದಾಪೀರನ ತಕ್ಕಡಿಯ ಪಕ್ಕ ಇದನ್ನೊಂದು ಇಡಬೇಕು.
ಏನೂ ಹೇಳಬಾರದು. ಮೂರು ವಾರ ಬಿಟ್ಟು ಹೋಗಬೇಕು.

ಮಧ್ಯಾಹ್ನ ಪಾಲಕ್ಕ ಬುತ್ತಿ ಬಿಚ್ಚಿದಳು.
ರಾಗಿರೊಟ್ಟಿ, ಉಪ್ಪು, ಹಸಿಮೆಣಸು, ಮತ್ತೆ ಅವಳ ಹಿತ್ತಲಿನ
ಮೆತ್ತಗೆ ಸೀಳು ಬಿಟ್ಟ ಹಣ್ಣೊಂದು, ನಾಳೆಗೆ ಉಳಿಯದ್ದು.
ಅಂಗೈಯಲ್ಲಿ ಹಿಚುಕಿ ರೊಟ್ಟಿಗೆ ಸವರಿ
ಅರ್ಧ ಮುರಿದು ನನ್ನ ಕಡೆ ಚಾಚಿದಳು.
ಚೀಟಿ ಬರೆದ ಮಸಿ ಬೆರಳಲ್ಲೇ ಇತ್ತು.
ತಿಂದೆ.