ಕೊನೆಯ ಉಕಾರ

ನಳ್‌ಸ್ಟಾಪಿನ ಹತ್ತಿರ, ಝೆರಾಕ್ಸ್ ಅಂಗಡಿಯ ನೆತ್ತಿಯ ಮೇಲೆ
ಮೂರನೇ ಮಹಡಿಯಲ್ಲಿ ನಮ್ಮ ಇಂಗ್ಲಿಷ್ ಕ್ಲಾಸು.
ಹದಿನಾಲ್ಕು ಕುರ್ಚಿ, ಒಂದೇ ಫ್ಯಾನು.
ನೈಟ್ ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ,
ಏಳೂವರೆಗೆ ಮೆಟ್ಟಿಲು ಹತ್ತುತ್ತೇನೆ.
ಅವಳು ಏಳಕ್ಕೇ ಬಂದಿರುತ್ತಾಳೆ.
ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ತಾನು ಕೂತಿರುವುದಿಲ್ಲ,
ಅವಳ ಬ್ಯಾಗು ಕೂತಿರುತ್ತದೆ,
ನಾನು ಬರುವ ತನಕ.

ಚಿಹಾರು. ಹಚಿನೊಹೆ ಎಂಬ ಬಂದರಿನವಳು.
ಹಲ್ಲಿನ ಆಸ್ಪತ್ರೆಯಲ್ಲಿ ಐದು ವರ್ಷ ಚೀಟಿ ಬರೆದು ಕೂಡಿಟ್ಟ ದುಡ್ಡು
ಲಂಡನ್ನಿನಲ್ಲಾದರೆ ಮೂರು ತಿಂಗಳು,
ಪುಣೆಯಲ್ಲಿ ಒಂದು ವರ್ಷ.
ಲೆಕ್ಕ ಹಾಕಿಯೇ ಬಂದೆ, ಅಂದಳು.
ಕೊಳ್ಳೇಗಾಲದವಳ ಲೆಕ್ಕವೂ ಅಂಥದ್ದೇ:
ಇಂಗ್ಲಿಷು ಬಂದರೆ ವಾರ್ಡಿನ ಇನ್‌ಚಾರ್ಜು,
ಬಾರದಿದ್ದರೆ ಇದೇ ರಾತ್ರಿ.

ದಾಮ್ಲೆ ಮೇಡಮ್ಮಿಗೆ ಶಬ್ದಕ್ಕೆ ಬಾಲವಿದ್ದರೆ ಆಗದು.
ಬಸ್ ಅನ್ನಬೇಕು, ಬಸು ಅಲ್ಲ.
ಗ್ಲಾಸ್ ಅನ್ನಬೇಕು, ಗುರಾಸು ಅಲ್ಲ.
ಸ್ಕೇಲಿನಲ್ಲಿ ಮೇಜು ಕುಟ್ಟುತ್ತಾರೆ: ಅಲ್ಲೇ ನಿಲ್ಲಿಸು, ಅಲ್ಲೇ!
ಬ್ರೇಕು ಹಿಡಿಯದ ಸೈಕಲ್ಲಿನ ಹಾಗೆ
ಚಿಹಾರು ಒಂದು ಗೇಣು ಮುಂದೆ ಹೋಗಿ ನಿಲ್ಲುತ್ತಾಳೆ.
ಕಿವಿ ಕೆಂಪಾಗುತ್ತದೆ.
ಸಾರಿ ಅನ್ನುತ್ತಾಳೆ, ಅದನ್ನೂ ಎಳೆದು.

ಪಕ್ಕದ ಕುರ್ಚಿಯಿಂದ ಹೇಳಬೇಕೆನಿಸಿತು:
ಮೇಡಂ, ನಮ್ಮೂರಿಗೂ ಬಸ್ಸು ಬಾಲದ ಸಮೇತವೇ ಬರುವುದು.
ಕಾರು, ಪೆನ್ನು, ಬ್ಯಾಂಕು, ಡಾಕ್ಟರು,
ಯಾವ ಪರದೇಶಿ ಮಾತನ್ನೂ ನಾವು
ಬರಿಗಾಲಲ್ಲಿ ಒಳಗೆ ಬಿಡುವವರಲ್ಲ,
ಕೊನೆಗೊಂದು ಉಕಾರ ಮೆಟ್ಟಿಸಿಯೇ ಕರೆದುಕೊಳ್ಳುವುದು.
ಹೇಳಲಿಲ್ಲ.
ಅಷ್ಟೆಲ್ಲ ಹೇಳುವ ಇಂಗ್ಲಿಷು ನನ್ನಲ್ಲಿರಲಿಲ್ಲ.

ಜೂನಿನಿಂದ ಇಬ್ಬರಿಗೂ ಕೋಥ್ರೂಡಿನಲ್ಲಿ ಒಂದೇ ಕೋಣೆ.
ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಮುಖವನ್ನು ಬೀದಿಗೆ ತಿರುಗಿಸಿಡುತ್ತಾಳೆ,
ನನ್ನವನ್ನೂ.
ಹೋಗು ಅಂದಳೇ, ಎಂದು ಒಂದು ವಾರ ಮುನಿಸು ನನಗೆ.
ಬರುವುದಿಲ್ಲ ಎಂದ ಆಟೋದವನಿಗೂ ಬಾಗುತ್ತಾಳೆ.
ಒಂದರಿಂದ ನಾಲ್ಕರವರೆಗೆ ಸದಾಶಿವ ಪೇಟೆಯ ಅಂಗಡಿಗಳು ಮಲಗಿರಲು,
ನಿದ್ದೆ ಕೆಡಿಸದಂತೆ ತುದಿಗಾಲಲ್ಲಿ ಹಾದು ಬರುತ್ತಾಳೆ.
ತಪ್ಪುಗಳಿಗೆಂದೇ ಒಂದು ನೋಟುಬುಕ್ಕು. ತಾರೀಖು ಹಾಕಿ ಬರೆಯುತ್ತಾಳೆ,
ಓದಿ ಹೇಳುತ್ತಾಳೆ:
ಜುಲೈ ಒಂಬತ್ತು. ಮೆಸ್ಸಿನಲ್ಲಿ ಅನ್ನ ಎನ್ನಲು ಹೋಗಿ ಹೇನು ಕೇಳಿದೆ.
ಮಾವಶಿಗೂ ಇಂಗ್ಲಿಷು ಬಾರದು. ಅನ್ನ ಸಿಕ್ಕಿತು.

ಮಾತು ಸಿಗದಿದ್ದರೆ 'ಆನೋ...' ಎಂದು ತಡಕಾಡುತ್ತಾಳೆ.
'ಏನೋ?' ಅನ್ನುತ್ತೇನೆ.
ಆನೋ. ಏನೋ. ಆನೋ.
ಹಾಲು ಉಕ್ಕುವವರೆಗೂ ನಡೆಯುತ್ತದೆ ಸಂಭಾಷಣೆ.

ಹೋದ ವಾರ ಒಂದೇ ರಾತ್ರಿ ಎರಡು ಮಂಚ ಖಾಲಿಯಾದವು.
ಬಂದು ಬಿದ್ದುಕೊಂಡವಳಿಗೆ ಎಚ್ಚರಾದಾಗ ಸಂಜೆ,
ಕರೆಂಟಿಲ್ಲ, ಮಳೆ ನಿಂತು ಕಿಟಕಿಯ ಸರಳು ಮಾತ್ರ ತೊಟ್ಟಿಕ್ಕುತ್ತಿತ್ತು.
ನಿದ್ದೆಯಲ್ಲಿ ನೀನು 'ಸಾಕು, ಸಾಕು' ಅಂದೆ, ಅಂದಳು.
ನಮ್ಮ ಭಾಷೆಯಲ್ಲಿ ಅದು, ಆನೋ...
ಐದೂ ಬೆರಳು ಕೂಡಿಸಿ
ನನ್ನ ಮುಖದ ಮುಂದೆ ಮೆಲ್ಲಗೆ ಬಿಡಿಸಿದಳು.
ಹೂವು ಮಾಡುವ ಕೆಲಸ. ನಿಮ್ಮಲ್ಲಿ ಅದಕ್ಕೇನು?

ಅರಳು, ಅಂದೆ.
ಅರರು, ಅಂದಳು.
ಯಾಕೋ ಅಳಲು ಎಂದೂ ಹೇಳಿಸಿದೆ.
ಅದೂ ಅರರು.
ಎರಡೂ ಒಂದೇ ಮಾತಾ?

ತಿದ್ದಬೇಕಿತ್ತು.
ನಾಲಗೆ ಮಡಚಿ ಳಕಾರ ತೋರಿಸಬೇಕಿತ್ತು, ಸ್ಕೇಲು ಹುಡುಕಬೇಕಿತ್ತು.
ಕತ್ತಲಲ್ಲಿ ನಾಲಗೆ ಯಾರಿಗೆ ಕಾಣುತ್ತದೆ?
ಹೂಂ, ಹೆಚ್ಚುಕಮ್ಮಿ, ಅಂದೆ.

ಮೊಬೈಲಿನ ಬೆಳಕಲ್ಲಿ ಕುಕ್ಕರು ತೆರೆದು ಬಡಿಸತೊಡಗಿದಳು.
ತಟ್ಟೆಗೆ ಕೈ ಅಡ್ಡ ಹಿಡಿದು
ಸಾಕು, ಅಂದೆ.
ನಕ್ಕಳು,
ಇನ್ನೊಂದು ಸೌಟು ಹಾಕಿದಳು.