ಮೀನಿನ ಗಾಡಿ

ಬೆಳಿಗ್ಗೆ ಸ್ಟಾರ್ಟ್ ಆಗೋದಿಲ್ಲ, ಸಂಜೆ ಆಗ್ತದೆ
ಅಂದ ಅಸೈನಾರ್, ಇದು ನಾಲ್ಕನೇ ಸಲ.
ಹೇಳುವುದೂ ಸಂಜೆಯೇ ಬಂದು,
ಖಾಲಿ ಪೆಟ್ಟಿಗೆ, ಸೋಪು ಹಾಕಿ ತೊಳೆದ ಕೈ.
ನಾನು ಗುಂಡಿಯ ಮೇಲೆ ಹೆಬ್ಬೆರಳಿಡುವುದೇ ತಡ
ಗುರ್ರೆಂದು ಏಳುತ್ತದೆ ಗಾಡಿ,
ಮೇಷ್ಟ್ರ ಚಪ್ಪಲಿ ಸದ್ದಿಗೆ
ಪುಸ್ತಕ ತೆರೆದ ಹುಡುಗನ ಹಾಗೆ.

ನನಗೂ ಅವನ ಮೇಲೆ ಅನುಮಾನ,
ಅವನಿಗೂ ನನ್ನ ಮೇಲೆ.

ಕ್ಲಚ್ಚಿನ ಸ್ವಿಚ್ಚು ಬಿಚ್ಚಿ ಒರೆಸಿದ್ದೆ.
ಸೆಲ್ಫ್ ಮೋಟರಿನ ಕಾರ್ಬನ್ ಬದಲಿಸಿದ್ದೆ.
ರಿಲೇ ಹೊಸದು.
ಏನೂ ತೋಚದ ಮೂರನೇ ಸಲ
ಬ್ಯಾಟರಿ ಹೋಗಿದೆ ಅಂದುಬಿಟ್ಟೆ.
ಹೋಗಿರಲಿಲ್ಲ.
ಏನಾದರೂ ಒಂದು ಹೋಗಿರಲೇಬೇಕಲ್ಲ
ಅಂತ ಅಂದದ್ದು.
ಅವನು ನೋಟು ಎಣಿಸಿಕೊಟ್ಟ,
ಒಂದೊಂದಕ್ಕೂ ಮತ್ತಿಯ ವಾಸನೆ.

ಕಿಕ್ಕರ್ ಇಲ್ಲದ ಗಾಡಿ ಅದು.
ಹರದೂರಿನ ಏರಿನಲ್ಲಿ ಕೈಕೊಟ್ಟರೆ
ತಿರುಗಿಸಿ, ಇಳಿಜಾರಿಗೆ ತಳ್ಳಿ, ಎರಡನೇ ಗೇರಿನಲ್ಲಿ
ಧಡಕ್ಕನೆ ಬಿಡಬೇಕು ಕ್ಲಚ್ಚು,
ಬೆನ್ನ ಹಿಂದೆ ನಲವತ್ತು ಕಿಲೋ ಮೀನು, ಐಸು.
ಲೈನ್ ಮನೆಯ ಹೆಂಗಸರು ಪಾತ್ರೆ ಹಿಡಿದು ಕಾಯುತ್ತಾರೆ
ಒಂಬತ್ತರ ತನಕ; ಆಮೇಲೆ ಕೆಲಸದ ಗಂಟೆ.
ಆಮೇಲೆ ಮೀನು
ಬರೀ ಬೆಕ್ಕಿನ ವ್ಯವಹಾರ.

ಎಂತ ಮಾಡೋದು ಮೇಸ್ತ್ರೀ, ಅಂದ.
ನಾಳೆ ಮೀನಿನ ಸಮೇತ ಬಾ, ಅಂದೆ.

ಬಂದ. ಏಳೂವರೆಗೆ.
ಸುಂಟಿಕೊಪ್ಪದ ಬೆಕ್ಕುಗಳೆಲ್ಲ ನನ್ನ ಶೆಡ್ಡಿಗೇ.
ಎಂಜಿನ್ ಆಫ್ ಮಾಡಿಸಿದೆ. ಕಾದೆವು.
ಅವನು ಚಹಾ ತರಿಸಿದ, ನಾನು ಕುಡಿಯಲಿಲ್ಲ,
ಡಾಕ್ಟರು ರೋಗಿಯ ಚಹಾ ಕುಡಿಯುತ್ತಾರೆಯೇ.
ಅರ್ಧ ಗಂಟೆ ಕಳೆದು ಗುಂಡಿ ಒತ್ತಿದರೆ
ಟಿಕ್.
ಮತ್ತೆ ಒತ್ತಿದೆ.
ಟಿಕ್.
ಇಷ್ಟು ಖುಷಿಯಾದದ್ದು ನನ್ನ ಮದುವೆಗೂ ಇಲ್ಲ.

ಕೂತು ಕೇಳಿದೆ. ಟಿಕ್ ಅಂದರೆ ರಿಲೇ ಬದುಕಿದೆ,
ಸ್ವಿಚ್ಚಿನ ಮಾತು ರಿಲೇವರೆಗೆ ಹೋಗಿದೆ,
ಮುಂದೆ ಯಾರೋ ದಾರಿ ಕಟ್ಟಿದ್ದಾರೆ.
ದಪ್ಪ ವಯರು ತಂದು
ಬ್ಯಾಟರಿಯ ಮೈನಸ್ಸಿಗೊಂದು ತುದಿ,
ಎಂಜಿನ್ನಿನ ಮೈಗೊಂದು ತುದಿ ಹಿಡಿದು
ಒತ್ತು ಅಂದೆ.
ಎದ್ದಿತು.
ತೆಗೆದೆ. ಟಿಕ್.
ಹಿಡಿದೆ. ಎದ್ದಿತು.

ಹೋಗುವ ಕರೆಂಟನ್ನೇ ಹುಡುಕಿದ್ದೆ ನಾಲ್ಕು ತಿಂಗಳು.
ಹಿಂದಿರುಗುವ ದಾರಿಯನ್ನು ನೋಡಿರಲೇ ಇಲ್ಲ.

ಸೀಟಿನ ಕೆಳಗೆ, ಚಾಸಿಗೆ ಕೂರುವ ಅರ್ಥಿಂಗ್ ಬೋಲ್ಟು.
ಅದರ ನೇರ ಮೇಲೆ ಮೀನಿನ ಪೆಟ್ಟಿಗೆಯ ಮೂಲೆ,
ಮೂಲೆಯಲ್ಲಿ ಒಂದು ಬಿರುಕು, ಬಿರುಕಿನಲ್ಲಿ ಒಂದು ಹನಿ
ಬಿದ್ದೀತೋ ಬೇಡವೋ ಎಂಬಂತೆ.
ಬಿತ್ತು.
ನಾಲಿಗೆಗೆ ಮುಟ್ಟಿಸಿದೆ: ಉಪ್ಪು.
ಮಂಗಳೂರಿನ ಧಕ್ಕೆಯಿಂದ ಸಂಪಾಜೆ ಘಾಟಿ ಹತ್ತಿ
ಸಮುದ್ರ ಇಲ್ಲಿಗೆ ಬಂದು
ಒಂದು ಬೋಲ್ಟಿನ ಬುಡದಲ್ಲಿ ಹಸಿರು ಹುಡಿಯಾಗಿ ಕೂತಿದೆ.
ಬೆಳಿಗ್ಗೆ ಒದ್ದೆ, ಸಂಜೆ ಒಣಗು.
ಪಾಪ, ಅಸೈನಾರ್ ಹೇಳಿದ್ದೂ ಅಷ್ಟೇ.

ಉಜ್ಜುಕಾಗದ. ತಾಮ್ರ ಹೊಳೆಯುವ ತನಕ.
ಹೊಸ ಲಗ್ಗು, ಹಲ್ಲಿರುವ ವಾಷರು, ಮೇಲೆ ವ್ಯಾಸಲೀನು.
ಪೆಟ್ಟಿಗೆಯ ಬಿರುಕಿಗೆ ಎಂ-ಸೀಲು,
ಮತ್ತೊಂದು ಮೂಲೆಗೆ ತೂತು ಕೊರೆದು
ಡ್ರಿಪ್ಪಿನ ಪೈಪಿನ ತುಂಡು, ಚಕ್ರದಾಚೆ ಇಳಿಬಿಟ್ಟೆ.
ಒಟ್ಟು ಖರ್ಚು ಅರವತ್ತು ರೂಪಾಯಿ.
ಅವನು ಕಾಗದ ಹಾಸಿ ಎರಡು ಕಿಲೋ ಮತ್ತಿ ಸುರಿದ.

ಹೊರಡುವಾಗ ಶೆಡ್ಡಿನ ಮೂಲೆ ನೋಡಿದ.
ಬಲ್ಬು ಉರಿಯುತ್ತಿತ್ತು, ಕರೆಂಟು ಹೋಗಿದ್ದರೂ.
ಒಳ್ಳೆ ಬ್ಯಾಟರಿ, ಅಂದ.
ಬೆಕ್ಕೊಂದು ನನ್ನ ಕಾಲಿಗೆ ಮೈ ಉಜ್ಜುತ್ತಿತ್ತು.
ನಿನ್ನದೇ ಅಸೈನಾರ್, ಅಂದೆ.

ಅವನು ಗುಂಡಿ ಒತ್ತಿದ. ಒಂದೇ ಸಲಕ್ಕೆ.
ಆ ಸದ್ದಿನಲ್ಲಿ ಏನೋ ಅಂದ,
ಕೇಳಿಸಲಿಲ್ಲ.
ಹಾರ್ನು ಮಾತ್ರ ಕೇಳಿಸಿತು, ಹರದೂರಿನ ತಿರುವಿನವರೆಗೂ.